ಆನಗೋಡಿನಿಂದ ಮನೆಗೆ ಮೂವತ್ತು ಕಿಲೋಮೀಟರ್

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ನೀವು ಒಮ್ಮೆಯಾದರೂ ಪ್ರಯಾಣ ಮಾಡಿದ್ದರೆ ಆನಗೋಡನ್ನು ದಾಟಿಯೇ ಇರುತ್ತೀರಿ. ಆದರೆ ನೋಡಿರುವವರು ಕಡಿಮೆ. ಚಿತ್ರದುರ್ಗ ಬಿಟ್ಟ ಮೇಲೆ, ದಾವಣಗೆರೆಗೆ ಇನ್ನು ಸುಮಾರು 15 ಕಿಲೋಮೀಟರ್ ಇದೆ ಎನ್ನುವಾಗ ಸಿಗುವ ಊರು ಇದು. ಬಸ್ಸಿನಲ್ಲಿದ್ದವರು ಆ ಹೊತ್ತಿಗೆ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಾ, ನಿದ್ದೆ ಹೋದ ಮಕ್ಕಳನ್ನು ಎಬ್ಬಿಸುತ್ತಾ ಇರುತ್ತಾರೆ. ಊರಿನ ಕಡೆಗೆ ನೋಡಲು ಯಾರಿಗೆ ಪುರಸೊತ್ತು?

ಇಳಿದು ನೋಡಿದರೆ ಇದು ಬಯಲುಸೀಮೆಯ ಒಂದು ಸಾಧಾರಣ ಊರು. ಸುತ್ತ ಮೆಕ್ಕೆಜೋಳದ ಹೊಲಗಳು. ಅಲ್ಲಲ್ಲಿ ಕುರುಚಲು ಗಿಡಗಳ ಬೋಳು ಗುಡ್ಡ. ಹತ್ತಿರದಲ್ಲೇ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯವಿದೆ. ದಾವಣಗೆರೆ, ಹರಿಹರದ ಮಕ್ಕಳಿಗೆ ಭಾನುವಾರ ಜಿಂಕೆ ತೋರಿಸಲು ನಾವು ಕರೆದುಕೊಂಡು ಹೋಗುವುದು ಅಲ್ಲಿಗೇ. 1992ರಲ್ಲಿ ಇಲ್ಲಿ ನಡೆದ ರೈತ ಹೋರಾಟದ ವೇಳೆ ಗೋಲಿಬಾರಿಗೆ ಬಲಿಯಾದ ಇಬ್ಬರು ರೈತರ ಸ್ಮಾರಕವೂ ಈ ಊರಿನಲ್ಲಿದೆ. ಹಗಲೂ ರಾತ್ರಿ ಹೆದ್ದಾರಿಯಲ್ಲಿ ಲಾರಿಗಳು ಹರಿಯುತ್ತಲೇ ಇರುತ್ತವೆ. ಈ ರಸ್ತೆಗೆ ಈಗ 48ನೇ ನಂಬರು ಕೊಟ್ಟಿದ್ದಾರೆ. ಆದರೆ ನಮ್ಮ ಅಬ್ಬಾ ಇಂದಿಗೂ ‘ಪಿ.ಬಿ. ರೋಡ್’ ಎಂದೇ ಹೇಳುತ್ತಾರೆ. ಪೂನಾ-ಬೆಂಗಳೂರು ರಸ್ತೆ. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲಾರಿ ಓಡಿಸಿದ್ದು ಈ ರಸ್ತೆಯ ಮೇಲೆಯೇ.

ನಿಮ್ಮ ಮನೆಯಲ್ಲೂ ಲಾರಿ ಓಡಿಸುವವರು ಇದ್ದರೆ, ಕಾಯುವುದು ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಇಲ್ಲದಿದ್ದರೆ ಕೇಳಿ. ನಾನು ಚಿಕ್ಕವಳಿದ್ದಾಗ ಅಬ್ಬಾ ಸೋಮವಾರ ಹೋದರೆ ಗುರುವಾರ ಬರಬಹುದು, ಶನಿವಾರವೂ ಆಗಬಹುದು. ಹರಿಹರದ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಅಮ್ಮಿ ರಾತ್ರಿ ಒಂದು ತಟ್ಟೆ ಊಟ ಮುಚ್ಚಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಆ ಊಟ ನಮ್ಮ ನಾಷ್ಟಾ ಆಗುತ್ತಿತ್ತು. ಟೆಲಿಗ್ರಾಂ ಬಂದರಂತೂ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಒಳ್ಳೆಯ ಸುದ್ದಿಯನ್ನು ತಂತಿಯಲ್ಲಿ ಕಳಿಸುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ ನೋಡಿ!

1990ರ ಮಳೆಗಾಲ. ಅಬ್ಬಾ ಬೆಂಗಳೂರಿನಲ್ಲಿ ಕಿರಾಣಿ ಸಾಮಾನು ತುಂಬಿಸಿಕೊಂಡು ಹುಬ್ಬಳ್ಳಿಗೆ ಹೊರಟಿದ್ದರು. ಆನಗೋಡಿನ ಹತ್ತಿರ ಹಿಂದಿನ ಆಕ್ಸಲ್ ತುಂಡಾಗಿ ಲಾರಿ ನಿಂತುಬಿಟ್ಟಿತು. ಸುರಿಯುವ ಮಳೆ. ತಾಡಪಾಲು ಹೊದಿಸಿದ ಮಾಲನ್ನು ಬಿಟ್ಟು ಅಲುಗಾಡುವಂತಿಲ್ಲ. ಮಾಲು ಹೋದರೆ ಜೀವನಪೂರ್ತಿ ಸಾಲ. ಕ್ಲೀನರ್ ಹುಡುಗನನ್ನು ಆಕ್ಸಲ್ ತರಲು ಚಿತ್ರದುರ್ಗಕ್ಕೆ ಕಳಿಸಿ, ಅಬ್ಬಾ ಎರಡು ರಾತ್ರಿ ಕ್ಯಾಬಿನ್ನಿನಲ್ಲೇ ಕಳೆದರು. ಹರಿಹರದ ಕಡೆಗೆ ಹೋಗುತ್ತಿದ್ದ ಇನ್ನೊಬ್ಬ ಡ್ರೈವರ್‌ನ ಕೈಗೆ ಒಂದು ಚೀಟಿ ಕೊಟ್ಟರು: ‘ಗಾಡಿ ಆನಗೋಡಿನಲ್ಲಿ ಕೆಟ್ಟಿದೆ. ನಾನು ಚೆನ್ನಾಗಿದ್ದೇನೆ. ಚಿಂತೆ ಮಾಡಬೇಡಿ.’ ರಸ್ತೆ ಬದಿಯ ಚಹಾ ಹೋಟೆಲ್ ಒಂದರಲ್ಲಿ ಕೊಟ್ಟರೆ ಅಲ್ಲಿನ ಹುಡುಗ ಮನೆಗೆ ಮುಟ್ಟಿಸುತ್ತಾನೆ ಎಂದು ಹೇಳಿ ಕಳಿಸಿದ್ದರು.

ಎರಡನೆಯ ದಿನ ಬೆಳಿಗ್ಗೆ ನಮ್ಮ ದಾದಾ ತೀರಿಕೊಂಡರು.

ಅಬ್ಬಾ ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಚಾಚಾ ಅಂಚೆ ಕಚೇರಿಗೆ ಓಡಿ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದರು. ‘ಲೋಡ್ ಆಗಿ ಹೊರಟು ಎರಡು ದಿನವಾಯಿತು’ ಎಂದಷ್ಟೇ ಉತ್ತರ ಬಂತು. ಹಾಗಾದರೆ ಹುಬ್ಬಳ್ಳಿ ಮುಟ್ಟಿರಬೇಕು, ಅಲ್ಲಿಂದ ಮುಂದೆ ಎಲ್ಲಿಗೋ ಹೋಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಮಯ್ಯಿತನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದು ಬೇಡ ಎಂದು ಹಿರಿಯರು ಹೇಳಿದರು. ಅಸರ್ ಆದ ಮೇಲೆ ಜನಾಝಾ ನಮಾಝ್ ಆಯಿತು. ಹಿರಿಯ ಮಗನಿಲ್ಲದೆ ದಾದಾರನ್ನು ಮಣ್ಣು ಮಾಡಿ ಬಂದರು.

ಮರುದಿನ ಬೆಳಿಗ್ಗೆ ಹೋಟೆಲ್ ಹುಡುಗ ಚೀಟಿ ತಂದುಕೊಟ್ಟ. ಅದು ಹೋಟೆಲಿಗೆ ಬಂದದ್ದು ಹಿಂದಿನ ದಿನ ಬೆಳಿಗ್ಗೆಯೇ! ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಕೆಳಗೆ ಇಟ್ಟು ಮರೆತಿದ್ದರು. ಅಂದರೆ ನಾವೆಲ್ಲ ಅಬ್ಬಾರನ್ನು ಹುಬ್ಬಳ್ಳಿಯ ದಿಕ್ಕಿನಲ್ಲಿ ಹುಡುಕುತ್ತಿದ್ದಾಗ ಅವರು ಆನಗೋಡಿನಲ್ಲಿದ್ದರು. ಮನೆಯಿಂದ 30 ಕಿಲೋಮೀಟರ್ ದೂರ. ಒಂದು ಗಂಟೆಯ ದಾರಿ. ಮಧ್ಯಾಹ್ನ ಅವರು ಬಂದಾಗ ಅಮ್ಮಿ ಏನೂ ಹೇಳಲಿಲ್ಲ, ಚೀಟಿಯನ್ನು ಕೈಗಿಟ್ಟರು. ಅಬ್ಬಾ ಒಳಗೆ ಬರದೆ ಹಾಗೆಯೇ ಖಬರಸ್ತಾನಕ್ಕೆ ಹೋದರು.

ಆ ಮೇಲೆ ಅವರು ಈ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೆ ಅವರ ಜೊತೆ ಲಾರಿಯಲ್ಲಿ ಹೋದವರು ಹೇಳುತ್ತಿದ್ದರು, ಆನಗೋಡು ಬಂದಾಗ ಗಾಡಿಯ ವೇಗ ತಾನಾಗಿಯೇ ಕಡಿಮೆಯಾಗುತ್ತಿತ್ತಂತೆ.

ಇಷ್ಟು ಹಳೆಯ ಕಥೆ ಈಗೇಕೆ ಎಂದು ನೀವು ಕೇಳಬಹುದು. ಒಂದು ಭಾನುವಾರ ಅದೇ ಆನಗೋಡಿನಲ್ಲಿ, ರಸ್ತೆಯಿಂದ ಒಳಗೆ ನಿಲ್ಲಿಸಿದ ಕಾರಿನಲ್ಲಿ ಕುಳಿತು, ಅದೇ ಹರಿಹರದ ಮನೆಯ ದನಿಯನ್ನು ಅಬ್ಬಾ ಕೇಳಿದರು. ಫೋನಿನಲ್ಲಲ್ಲ, ಹ್ಯಾಮ್ ರೇಡಿಯೊದಲ್ಲಿ. ಆ ದಿನದಿಂದ ಇದನ್ನು ನಿಮಗೆ ಹೇಳಬೇಕು ಎಂದು ಮನಸ್ಸು ತುಡಿಯುತ್ತಿತ್ತು.

ಹ್ಯಾಮ್ ರೇಡಿಯೊ ಎಂದರೆ ಹವ್ಯಾಸಿಗಳ ರೇಡಿಯೊ. ನಾವು ಕೇಳುವ ಆಕಾಶವಾಣಿಯಲ್ಲಿ ಅವರು ಮಾತನಾಡುತ್ತಾರೆ, ನಾವು ಕೇಳುತ್ತೇವೆ ಅಷ್ಟೆ. ಇಲ್ಲಿ ಹಾಗಲ್ಲ. ಎರಡೂ ಕಡೆಯವರು ಮಾತನಾಡಬಹುದು. ನಡುವೆ ತಂತಿಯಿಲ್ಲ, ಕಂಪನಿಯ ಟವರ್ ಇಲ್ಲ, ತಿಂಗಳ ಬಿಲ್ಲೂ ಇಲ್ಲ. ಒಂದು ಸೆಟ್ಟು, ಒಂದು ಬ್ಯಾಟರಿ, ಒಂದು ಆಂಟೆನಾ ಇದ್ದರೆ ಸಾಕು. ನಮ್ಮ ದೇಶದಲ್ಲಿ ಈ ಹವ್ಯಾಸ ಶುರುವಾಗಿ ನೂರು ವರ್ಷ ದಾಟಿತು. ಮನೆಯಿಂದ ರೇಡಿಯೊ ಎಂಬುದು ಕನ್ನಡ ನಾಡಿಗೂ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ಕೇಂದ್ರವೊಂದನ್ನು ನಡೆಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಅಂಟಿಕೊಂಡದ್ದು ಆ ಕೇಂದ್ರಕ್ಕೇ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು.

ನಮ್ಮ ಮನೆಗೆ ಇದನ್ನು ತಂದವನು ನನ್ನ ಆಪಾಳ ಮಗ. ಡಿಪ್ಲೊಮಾ ಓದುವಾಗ ಹಿಡಿದ ಹುಚ್ಚು. ಮೊದಲು ಹೆದರಿದವಳು ಆಪಾ. “ವೈರ್‌ಲೆಸ್ ಎಲ್ಲ ನಮಗ್ಯಾಕೋ? ಟೆರೇಸ್ ಮೇಲೆ ಕಂಬ ನೆಟ್ಟರೆ ನೋಡಿದವರು ಏನಂದ್ಕೊಳ್ತಾರೆ? ನಾಳೆ ಯಾರಾದ್ರೂ ಬಂದು ಕೇಳಿದ್ರೆ?” ಎಂದು ಒಂದು ವಾರ ನಿದ್ದೆ ಮಾಡಲಿಲ್ಲ. ಅವಳ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ನಮ್ಮಂಥ ಮನೆಗಳ ತಾಯಂದಿರಿಗೆ ಈ ಹೆದರಿಕೆ ಎಲ್ಲಿಂದ ಬರುತ್ತದೆ ಎಂದು ನಿಮಗೂ ಗೊತ್ತು. ಆದರೆ ಹುಡುಗ ಸರಿಯಾದ ದಾರಿಯಲ್ಲೇ ಹೋದ. ಪರವಾನಗಿ ಇಲ್ಲದೆ ಇದನ್ನು ಬಳಸುವುದು ಅಪರಾಧ. ಪರವಾನಗಿ ಪಡೆದು ಬಳಸಿದರೆ ಯಾರಿಗೂ ಹೆದರಬೇಕಾಗಿಲ್ಲ. ಕೇಂದ್ರ ಸರ್ಕಾರದ ಸಂಪರ್ಕ ಖಾತೆಯವರು ಪರೀಕ್ಷೆ ನಡೆಸುತ್ತಾರೆ. 12 ವರ್ಷ ತುಂಬಿದ ಯಾರು ಬೇಕಾದರೂ ಕುಳಿತುಕೊಳ್ಳಬಹುದು. ರೇಡಿಯೊ ಕೆಲಸ ಮಾಡುವ ಬಗೆ, ಪಾಲಿಸಬೇಕಾದ ನಿಯಮ, ಈ ಎರಡು ವಿಷಯಗಳು. ಮೇಲಿನ ದರ್ಜೆ ಬೇಕಾದರೆ ಕಟ್ಟ-ಕಡ ಎನ್ನುವ ಮೋರ್ಸ್ ಸಂಕೇತವನ್ನೂ ಕಲಿಯಬೇಕು. ಪಾಸಾಗಿ, ಪರಿಶೀಲನೆ ಮುಗಿದ ಮೇಲೆ ‘ವಿ.ಯು.’ ಅಕ್ಷರಗಳಿಂದ ಶುರುವಾಗುವ ಒಂದು ಕರೆಹೆಸರು ಸಿಗುತ್ತದೆ. ಲೋಕದಲ್ಲಿ ಆ ಹೆಸರು ಇನ್ನೊಬ್ಬರಿಗೆ ಇರುವುದಿಲ್ಲ. ಆ ಪರವಾನಗಿ ಬಂದ ದಿನ ಆಪಾ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದಳು. ಬಾಗಿಲು ತೆರೆದ ಕೂಡಲೇ ಕಾಣುವ ಗೋಡೆಗೆ!

ಆಮೇಲೆ ಒಂದು ತೊಡಕು ಎದುರಾಯಿತು. ಕಾರಿನಿಂದ ಮನೆಗೆ ಮಾತನಾಡಬೇಕಾದರೆ ಮನೆಯಲ್ಲಿ ಉತ್ತರ ಕೊಡುವವರಿಗೂ ಪರವಾನಗಿ ಇರಬೇಕಲ್ಲ? ಅಣ್ಣನಿಗೆ ಇದ್ದರೆ ತಂಗಿಗೆ ಸಾಲದು. ಅದಕ್ಕೆ ಅವನ ತಂಗಿಯೂ ಓದಲು ಕುಳಿತಳು. ಬಿ.ಎಸ್ಸಿ. ಓದುತ್ತಿದ್ದ ಹುಡುಗಿ, ಅಡುಗೆಮನೆಯಲ್ಲಿ ಬೇಳೆ ಬೇಯುವವರೆಗೆ ಪುಸ್ತಕ ಹಿಡಿದು ನಿಲ್ಲುತ್ತಿದ್ದಳು. ಅವಳೂ ಪಾಸಾದಳು. ಹ್ಯಾಮ್‌ಗಳ ಲೋಕದಲ್ಲಿ ಹೆಣ್ಣುಮಕ್ಕಳನ್ನು ‘ವೈ.ಎಲ್.’ ಎಂದು ಕರೆಯುತ್ತಾರೆ, ಯಂಗ್ ಲೇಡಿ ಎಂದು ಅರ್ಥ. ಎಂಬತ್ತು ವರ್ಷದ ಅಜ್ಜಿಯಾದರೂ ಅವರಿಗೆ ವೈ.ಎಲ್.! ಇದನ್ನು ಕೇಳಿ ನಮ್ಮ ಅಮ್ಮಿ, “ಹಾಗಾದ್ರೆ ನಾನೂ ಪರೀಕ್ಷೆ ಬರೀತೀನಿ” ಎಂದರು.

ಈಗ ಆನಗೋಡಿಗೆ ಬನ್ನಿ. ಆ ಭಾನುವಾರ ಮಕ್ಕಳಿಗೆ ಮೃಗಾಲಯ ತೋರಿಸಿ, ಊಟದ ಡಬ್ಬಿ ಖಾಲಿ ಮಾಡಿ, ಊರಿನಿಂದ ಸ್ವಲ್ಪ ಆಚೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದೆವು. ಕಾರಿನ ಹಿಂಬದಿಗೆ ಹುಡುಗ ಉದ್ದನೆಯ ಕೋಲಿನಂಥ ಆಂಟೆನಾ ಸಿಕ್ಕಿಸಿದ. ಕಾರಿನ 12 ವೋಲ್ಟ್ ಬ್ಯಾಟರಿಯೇ ಸೆಟ್ಟಿಗೆ ಶಕ್ತಿ. “ಗಾಡಿ ಓಡಿಸ್ತಾ ಮಾತಾಡೋದಿಲ್ವೇನೋ?” ಎಂದು ಅಬ್ಬಾ ಕೇಳಿದರು. “ಇಲ್ಲ ನಾನಾ, ನಿಲ್ಲಿಸಿಯೇ. ಒಂದು ಕೈ ಸ್ಟೇರಿಂಗ್, ಒಂದು ಕೈ ಮೈಕ್ ಆದ್ರೆ ಕಷ್ಟ” ಎಂದ. ಹಳೆಯ ಡ್ರೈವರ್‌ಗೆ ಈ ಉತ್ತರ ಹಿಡಿಸಿತು.

ನಾನು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು. ವಿಜ್ಞಾನ ಎಂದರೆ ನನಗೆ ಮೊದಲಿನಿಂದಲೂ ಮಾರು ದೂರ. ಆದರೆ ಅವನು ಅಂದು ವಿವರಿಸಿದ್ದು ನನಗೂ ಅರ್ಥವಾಯಿತು. ಹಾಗಾಗಿ ನಿಮಗೂ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ರೇಡಿಯೊ ಅಲೆಗಳಲ್ಲಿ ಉದ್ದನೆಯವು, ಗಿಡ್ಡನೆಯವು ಎಂದು ಇವೆಯಂತೆ. 7 ಮೆಗಾಹರ್ಟ್ಸ್ ಎಂಬ ಅಲೆಯ ಉದ್ದ ಸುಮಾರು 42 ಮೀಟರ್. ಅದಕ್ಕೆ ಸರಿಹೊಂದುವ ಕೋಲು ಆಂಟೆನಾ ಬೇಕೆಂದರೆ ಅದರ ಕಾಲು ಭಾಗ, ಅಂದರೆ ಹತ್ತು ಮೀಟರಿಗಿಂತ ಹೆಚ್ಚು ಉದ್ದ ಬೇಕು. ಕಾರಿನ ಮೇಲೆ ಅಷ್ಟುದ್ದದ ಕಂಬ ನಿಲ್ಲಿಸಿದರೆ ಮೊದಲ ಸೇತುವೆಗೇ ಬಡಿಯುತ್ತದೆ. ಅದಕ್ಕೆ ತಂತಿಯನ್ನು ಸುರುಳಿ ಸುತ್ತಿ ಕೋಲಿನ ನಡುವೆ ಕೂರಿಸುತ್ತಾರೆ. ನಾವು ಉದ್ದದ ಸೀರೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸುತ್ತೇವಲ್ಲ, ಹಾಗೆ. ಅಳತೆ ಗಿಡ್ಡವಾದದ್ದಕ್ಕೆ ಬಲವೂ ಸ್ವಲ್ಪ ಕುಗ್ಗುತ್ತದೆ. ಮನೆಯ ಆಂಟೆನಾಕ್ಕಿಂತ ಕಾರಿನ ಆಂಟೆನಾ ಬಡಪಾಯಿ ಆಗುವುದು ಈ ಕಾರಣಕ್ಕೆ.

ಅವನು ಮೊದಲು 14 ಮೆಗಾಹರ್ಟ್ಸಿನಲ್ಲಿ ಕರೆದ. ಸ್ವಲ್ಪ ಹೊತ್ತು ಗೊರಗೊರ ಸದ್ದು. ಆಮೇಲೆ ದೆಹಲಿಯಿಂದ ಒಬ್ಬರು ಉತ್ತರ ಕೊಟ್ಟರು! ಪಕ್ಕದಲ್ಲಿ ಕುಳಿತು ಮಾತನಾಡಿದಷ್ಟು ಸ್ಪಷ್ಟ. ಮಕ್ಕಳು ಚಪ್ಪಾಳೆ ಹೊಡೆದರು. ಅಬ್ಬಾ, “ದಿಲ್ಲಿ ಸಿಕ್ಕಿತಾ? ಹಾಗಾದ್ರೆ ಮನೆ ಕರಿ” ಎಂದರು. ಅವನು ಅದೇ ಅಲೆಯಲ್ಲಿ ತಂಗಿಯನ್ನು ಕರೆದ. ಒಮ್ಮೆ, ಎರಡು ಸಲ, ಐದು ಸಲ. ಉತ್ತರವಿಲ್ಲ. ಅತ್ತ ಹರಿಹರದಲ್ಲಿ ಅವಳೂ ಅದೇ ಸಮಯಕ್ಕೆ ಸೆಟ್ಟಿನ ಮುಂದೆ ಕುಳಿತು ಕರೆಯುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. 1,600 ಕಿಲೋಮೀಟರ್ ಆಚೆಯ ದೆಹಲಿ ಕೇಳುತ್ತದೆ, 30 ಕಿಲೋಮೀಟರ್ ದೂರದ ಮನೆ ಕೇಳುವುದಿಲ್ಲ!

ಅಬ್ಬಾರ ಮುಖ ನೋಡಿದೆ. ಅವರು ಕಿಟಕಿಯಾಚೆ ಹೆದ್ದಾರಿಯನ್ನು ನೋಡುತ್ತಿದ್ದರು.

“ಇದು ಸೆಟ್ ಕೆಟ್ಟಿರೋದಲ್ಲ ಖಾಲಾ” ಎಂದು ಹುಡುಗ ನನಗೆ ಹೇಳಿದ. ಆಕಾಶದಲ್ಲಿ, ನೆಲದಿಂದ ಸುಮಾರು 60 ಕಿಲೋಮೀಟರ್ ಮೇಲಿನಿಂದ ಶುರುವಾಗಿ ನೂರಾರು ಕಿಲೋಮೀಟರ್‌ವರೆಗೆ, ಸೂರ್ಯನ ಬಿಸಿಲಿನಿಂದ ವಿದ್ಯುತ್ ತುಂಬಿಕೊಂಡ ಪದರಗಳಿವೆ. ಅಯಾನುಗೋಲ ಎಂದು ನಮ್ಮ ಪಠ್ಯಪುಸ್ತಕದಲ್ಲಿ ಬರುತ್ತದೆ. ಓರೆಯಾಗಿ ಹೋದ ಅಲೆ ಅಲ್ಲಿ ಬಾಗಿ ಮತ್ತೆ ಭೂಮಿಗೆ ಇಳಿಯುತ್ತದೆ. ಆದರೆ ಇಳಿಯುವುದು ಎಲ್ಲೋ ದೂರದಲ್ಲಿ. ನೀವು ಅಂಗಳದಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಗಿಡಗಳಿಗೆ ನೀರು ಚಿಮ್ಮಿಸಿ ನೋಡಿ. ಕಾಂಪೌಂಡಿನ ಹತ್ತಿರದ ಗಿಡ ತೊಯ್ದು ಹೋಗುತ್ತದೆ, ನಿಮ್ಮ ಕಾಲ ಬುಡದ ತುಳಸಿಯೋ ಪುದೀನವೋ ಒಣಗಿಯೇ ಇರುತ್ತದೆ. ನಡುವಿನ ಆ ಒಣ ನೆಲವನ್ನು ಹ್ಯಾಮ್‌ಗಳು ‘ಸ್ಕಿಪ್ ಝೋನ್’ ಎನ್ನುತ್ತಾರೆ. ಅಲೆ ದಾಟಿ ಹೋದ ಜಾಗ. ನೆಲದ ಮೇಲೆ ನೇರವಾಗಿ ಹೋಗುವ ಅಲೆ ಅಲ್ಲಿಗೆ ಸಾಲದು, ಆಕಾಶದಿಂದ ಇಳಿಯುವ ಅಲೆ ಅಲ್ಲಿಗೆ ಬೀಳದು. ಆ ಹೊತ್ತಿಗೆ ನಮ್ಮ ಮನೆ ಆ ಒಣ ನೆಲದಲ್ಲಿತ್ತು.

ಇದಕ್ಕೆ ಎರಡು ಉಪಾಯಗಳಿವೆ. ಒಂದು, 7 ಮೆಗಾಹರ್ಟ್ಸಿನಂಥ ತಗ್ಗಿನ ಅಲೆಯನ್ನು ಹಗಲಿನಲ್ಲಿ ನೆಟ್ಟಗೆ ಮೇಲಕ್ಕೆ ಕಳಿಸುವುದು. ಉದ್ದನೆಯ ತಂತಿಯನ್ನು ನೆಲಕ್ಕೆ ಹತ್ತಿರವಾಗಿ ಅಡ್ಡ ಕಟ್ಟಿದರೆ ಅಲೆ ತಲೆಯ ಮೇಲಕ್ಕೇ ಹೋಗಿ, ಕೊಡೆ ಬಿಚ್ಚಿದಂತೆ ಸುತ್ತಲ ಮುನ್ನೂರು ಕಿಲೋಮೀಟರಿಗೆ ಇಳಿಯುತ್ತದೆ. 14 ಮೆಗಾಹರ್ಟ್ಸಿನ ಅಲೆಯನ್ನು ಹಾಗೆ ನೆಟ್ಟಗೆ ಕಳಿಸಿದರೆ ಸಾಮಾನ್ಯವಾಗಿ ಪದರವನ್ನು ತೂರಿಕೊಂಡು ಆಚೆ ಹೊರಟುಹೋಗುತ್ತದೆ. ಎರಡನೆಯದು ಇನ್ನೂ ಸುಲಭ. ಮೋಡದಾಚೆಯ ಹಂಗೇ ಬೇಡ ಎಂದು ಬಿಟ್ಟು, 145 ಮೆಗಾಹರ್ಟ್ಸ್ ಆಸುಪಾಸಿನ ಗಿಡ್ಡ ಅಲೆಯಲ್ಲಿ ನೇರವಾಗಿ ಮಾತನಾಡುವುದು. ಈ ಅಲೆಯ ಉದ್ದ ಎರಡು ಮೀಟರ್ ಅಷ್ಟೆ. ಅರ್ಧ ಮೀಟರ್ ಆಂಟೆನಾ ಸಾಕು. ಆದರೆ ಇದು ಕಣ್ಣಿನ ನೋಟದ ಹಾಗೆ ಸಾಗುತ್ತದೆ. ನಡುವೆ ಗುಡ್ಡ ಬಂದರೆ ಮಾತು ನಿಂತಿತು. ಆದ್ದರಿಂದ ಎರಡೂ ಕಡೆ ಎತ್ತರ ಬೇಕು.

ಮನೆಯ ಟೆರೇಸಿನ ಮೇಲೆ ಕಂಬವಿತ್ತು. ನಾವು ಮಾತ್ರ ತಗ್ಗಿನಲ್ಲಿದ್ದೆವು. ಕಾರನ್ನು ಅಲ್ಲಿಂದ ತೆಗೆದು ಸ್ವಲ್ಪ ಏರು ಜಾಗಕ್ಕೆ ಒಯ್ದೆವು. ಉದ್ದದ ಕೋಲು ತೆಗೆದು, ಅಯಸ್ಕಾಂತದ ತಳವಿದ್ದ ಮೊಣಕೈ ಉದ್ದದ ಆಂಟೆನಾವನ್ನು ಕಾರಿನ ತಲೆಯ ಮೇಲೆ ಕೂರಿಸಿದ. ಗುಂಡಿ ಒತ್ತಿ ತನ್ನ ಕರೆಹೆಸರು ಹೇಳಿ, ತಂಗಿಯ ಕರೆಹೆಸರು ಕರೆದು, ‘ಓವರ್’ ಎಂದು ಬೆರಳು ಬಿಟ್ಟ.

ಒಂದು ಕ್ಷಣ ಮೌನ. ಆಮೇಲೆ ಹುಡುಗಿಯ ದನಿ. ಅವಳ ಕರೆಹೆಸರು. “ನಿಮ್ಮ ದನಿ ಚೆನ್ನಾಗಿ ಬರ್ತಾ ಇದೆ. ಎಲ್ಲಿದ್ದೀರಿ? ನಾನಾ ಹೇಗಿದ್ದಾರೆ? ಓವರ್.”

ಅಬ್ಬಾ ಕೈ ಚಾಚಿದರು, ಮೈಕ್ ಕೊಡು ಎಂದು. ಹುಡುಗ ಮೆಲ್ಲಗೆ ಹೇಳಿದ, “ನಾನಾ, ನಿಮಗೆ ಲೈಸೆನ್ಸ್ ಇಲ್ಲ. ನೀವು ಕೇಳಬಹುದು, ಮಾತಾಡೋ ಹಾಗಿಲ್ಲ.” ಅಬ್ಬಾ ಅವನನ್ನೇ ನೋಡಿದರು. “ನನಗೆ ಲೈಸೆನ್ಸ್ ಇಲ್ವಾ? ನಲವತ್ತು ವರ್ಷದಿಂದ ಹೆವಿ ಲೈಸೆನ್ಸ್ ಇಟ್ಟುಕೊಂಡಿದ್ದೀನಿ ಕಣೋ!” ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆದರೆ ಮತ್ತೆ ಕೈ ಚಾಚಲಿಲ್ಲ. ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಿ ಬದುಕಿದವರು, ನಿಯಮವೆಂದರೆ ನಿಯಮ.

ಹುಡುಗ ಗುಂಡಿ ಒತ್ತಿ ಹೇಳಿದ, “ಆನಗೋಡಿನಲ್ಲಿದ್ದೇವೆ. ನಾನಾ ನನ್ನ ಪಕ್ಕದಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ಓವರ್.”

ಓದುಗ ಸಹೋದರಿಯರೇ, ಆ ಮಾತು ಕಿವಿಗೆ ಬಿದ್ದಾಗ ನನಗೆ ಆ ಹಳೆಯ ಚೀಟಿ ನೆನಪಾಯಿತು. ಹೆಚ್ಚುಕಡಿಮೆ ಅದೇ ಮಾತು. ಅದೇ ಜಾಗದಿಂದ. ಅದೇ ಮನೆಗೆ. ಬೆಳಕಿನ ವೇಗದಲ್ಲಿ ಹೋಗುವ ಅಲೆಗೆ ಆ 30 ಕಿಲೋಮೀಟರ್ ದಾಟಲು ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಸಾಕು. ಅಂದು ಅದು ನಮಗೆ ಒಂದು ಜನಾಝಾ ತಪ್ಪುವಷ್ಟು ದೂರವಾಗಿತ್ತು.

ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು, “ಇದು ಆಗ ಇರಲಿಲ್ವಾ?”

ಇತ್ತು ಎಂದೇ ಹೇಳಬೇಕಾಯಿತು. 1990ರಲ್ಲಿ ಬೆಂಗಳೂರಿನಲ್ಲಿ ಹ್ಯಾಮ್‌ಗಳಿದ್ದರು, ಅವರ ಕ್ಲಬ್ಬಿತ್ತು. ಆದರೆ ಒಬ್ಬ ಲಾರಿ ಡ್ರೈವರ್‌ಗೆ ಅದನ್ನು ಹೇಳುವವರು ಯಾರು? ಸೆಟ್ಟು ಕೊಳ್ಳುವ ದುಡ್ಡು ಎಲ್ಲಿತ್ತು? ಅಮೆರಿಕದಲ್ಲಿ 1973ರ ತೈಲ ಬಿಕ್ಕಟ್ಟಿನ ನಂತರ ಲಾರಿ ಚಾಲಕರೇ ಸಿಟಿಜನ್ ಬ್ಯಾಂಡ್ ಎಂಬ ಚಿಕ್ಕ ರೇಡಿಯೊಗಳನ್ನು ಇಟ್ಟುಕೊಂಡು, ಡೀಸೆಲ್ ಎಲ್ಲಿ ಸಿಗುತ್ತದೆ, ರಸ್ತೆ ಎಲ್ಲಿ ಕಟ್ಟಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಮ್ಮ ಪಿ.ಬಿ. ರೋಡಿನವರಿಗೆ ಇದ್ದದ್ದು ಚೀಟಿ ಮತ್ತು ಚಹಾ ಹೋಟೆಲು.

ಇನ್ನೂ ಒಂದು ಮಾತು. ಅಂದು ಲಾರಿಯಲ್ಲಿ ರೇಡಿಯೊ ಇದ್ದಿದ್ದರೂ ಸಾಲುತ್ತಿರಲಿಲ್ಲ. ಮನೆಯಲ್ಲಿ ಸೆಟ್ಟು ಹಾಕಿಕೊಂಡು ಕೇಳುತ್ತಾ ಕುಳಿತವರು ಬೇಕಿತ್ತು. ಆ ಚೀಟಿಯನ್ನೇ ನೋಡಿ. ಅದು ಹರಿಹರಕ್ಕೆ ಬಂದಿತ್ತು, ಸರಿಯಾದ ಸಮಯಕ್ಕೇ ಬಂದಿತ್ತು. ಗಲ್ಲಾಪೆಟ್ಟಿಗೆ ತೆರೆದು ನೋಡುವವರು ಇರಲಿಲ್ಲ. ಸುದ್ದಿ ತಲುಪುವುದು ಬೇರೆ, ಸುದ್ದಿ ಕೇಳುವವರಿರುವುದು ಬೇರೆ ಎಂದು ನನಗೆ ಅರ್ಥವಾದದ್ದು ಆ ಕಾರಿನಲ್ಲಿ.

“ಈಗ ಮೊಬೈಲ್ ಇದೆಯಲ್ಲ, ಇದೆಲ್ಲ ಯಾಕೆ?” ಎಂದು ನೀವು ಕೇಳಬಹುದು. ದಿನನಿತ್ಯಕ್ಕೆ ಮೊಬೈಲೇ ಸಾಕು, ಒಪ್ಪುತ್ತೇನೆ. ಆದರೆ ಮೊಬೈಲಿಗೆ ಟವರ್ ಬೇಕು, ಟವರ್‌ಗೆ ಕರೆಂಟ್ ಬೇಕು. 2001ರ ಜನವರಿ 26ರಂದು ಗುಜರಾತಿನ ಭುಜ್ ನೆಲಸಮವಾದಾಗ ಫೋನುಗಳೂ ಸತ್ತವು. ಆಗ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆ ಹ್ಯಾಮ್ ರೇಡಿಯೊ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ದೂರದೂರದ ಹವ್ಯಾಸಿಗಳೊಂದಿಗೆ ಮಾತನಾಡುವ ಸಂತೋಷಕ್ಕಾಗಿ ಹೋದದ್ದು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು. ದ್ವೀಪಗಳ ಫೋನ್ ಸಂಪರ್ಕ ಕಡಿದುಹೋಯಿತು. ಆ ಮಹಿಳೆ ಮತ್ತು ಜೊತೆಗಿದ್ದವರು ಊರಿಗೆ ಓಡಿಬರದೆ ಸೆಟ್ಟುಗಳನ್ನು ಹಾಕಿ ಕುಳಿತರು. ದ್ವೀಪದಲ್ಲಿ ಸಿಕ್ಕಿಬಿದ್ದವರು ಬದುಕಿದ್ದಾರೆಯೇ ಎಂದು ತಿಳಿಯದೆ ಒದ್ದಾಡುತ್ತಿದ್ದ ಮನೆಗಳಿಗೆ ಅವರ ಮೂಲಕ ಸುದ್ದಿ ಮುಟ್ಟಿತು. ‘ಚೆನ್ನಾಗಿದ್ದಾರೆ’ ಎಂಬ ಒಂದು ಮಾತಿನ ಬೆಲೆ ಅಂಥ ಮನೆಯಲ್ಲಿ ಕುಳಿತವರಿಗೇ ಗೊತ್ತು.

ನಿಮ್ಮ ಮನೆಯಲ್ಲೂ ಮಕ್ಕಳಿಗೆ ಆಸಕ್ತಿ ಇದ್ದರೆ ಬೆಂಗಳೂರಿನಲ್ಲಿ ಭಾರತೀಯ ಹ್ಯಾಮ್ ಸಂಸ್ಥೆಯವರು ತರಬೇತಿ ಕೊಡುತ್ತಾರೆ. ಹೆಣ್ಣುಮಕ್ಕಳನ್ನೂ ಕಳಿಸಿ. ಮೊದಲು ಪರವಾನಗಿ, ಆಮೇಲೆ ಸೆಟ್ಟು. ಈ ಕ್ರಮ ತಪ್ಪಬಾರದು. ವಾಹನದಿಂದ ಮಾತನಾಡುವುದಕ್ಕೂ ನಿಯಮಗಳಿವೆ, ಅವನ್ನೂ ತಿಳಿದುಕೊಂಡೇ ಮಾಡಬೇಕು. ಇದರಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಮೆಕ್ಕೆಜೋಳದ ರೇಟು ಕೇಳುವಂತಿಲ್ಲ. ಗುಟ್ಟಿನ ಮಾತೂ ಸಲ್ಲದು. ನೀವು ಆಡಿದ್ದನ್ನು ಆ ಅಲೆಯಲ್ಲಿರುವ ಎಲ್ಲರೂ ಕೇಳಬಹುದು. ಇನ್ನೊಂದು ವಿಶೇಷ, ಒಬ್ಬರು ಗುಂಡಿ ಒತ್ತಿ ಮಾತನಾಡುವಾಗ ಇನ್ನೊಬ್ಬರು ಕೇಳಲೇಬೇಕು. ನಡುವೆ ಬಾಯಿ ಹಾಕಲು ಬರುವುದಿಲ್ಲ. ‘ಓವರ್’ ಎಂದ ಮೇಲೆಯೇ ನಿಮ್ಮ ಸರದಿ. ನಮ್ಮ ಮನೆಗಳ ಜಗಳಕ್ಕೂ ಈ ನಿಯಮ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಪಾ ಹೇಳುತ್ತಾಳೆ.

ಅಂದು ಹೊರಡುವ ಮೊದಲು ಹುಡುಗಿ ಮತ್ತೊಮ್ಮೆ ಕರೆದಳು. “ಎಷ್ಟು ಹೊತ್ತಿಗೆ ಬರ್ತೀರಿ? ಅನ್ನಕ್ಕೆ ಇಡಬೇಕು. ಓವರ್.” ಅಣ್ಣ ಅಬ್ಬಾರ ಕಡೆಗೆ ನೋಡಿದ. ಅಬ್ಬಾ ಸೂರ್ಯನನ್ನು ನೋಡಿ, ರಸ್ತೆಯಲ್ಲಿನ ಲಾರಿಗಳ ಸಾಲನ್ನು ನೋಡಿ, ತಮ್ಮ ಹಳೆಯ ಲೆಕ್ಕ ಹಾಕಿ ಹೇಳಿದರು, “ಒಂದು ಗಂಟೆ. ಮಗ್ರಿಬ್‌ಗೆ ಮೊದಲು ಮನೆಯಲ್ಲಿರ್ತೀವಿ ಅನ್ನು.” ಹುಡುಗ ಹೇಳಿದ. ಅವಳು ಸರಿ ಎಂದಳು. ಕೊನೆಗೆ ಇಬ್ಬರೂ ‘73’ ಎಂದು ಹೇಳಿಕೊಂಡರು. ಅದು ಅವರ ಲೋಕದಲ್ಲಿ ಶುಭಾಶಯದ ಸಂಖ್ಯೆಯಂತೆ.

ದಾವಣಗೆರೆ ದಾಟಿ, ಹರಿಹರದಲ್ಲಿ ನಮ್ಮ ಬೀದಿಗೆ ತಿರುಗುವ ಮೊದಲು ಅಬ್ಬಾ, “ಖಬರಸ್ತಾನದ ಹತ್ತಿರ ಐದು ನಿಮಿಷ ನಿಲ್ಲಿಸು” ಎಂದರು. ಅವರು ಒಳಗೆ ಹೋಗಿ ಬರುವವರೆಗೆ ನಾವು ಕಾರಿನಲ್ಲೇ ಕುಳಿತಿದ್ದೆವು. ಹುಡುಗ ಮೈಕ್ ತೆಗೆದುಕೊಂಡು ತಂಗಿಗೆ ಹೇಳಿದ, “ಐದು ನಿಮಿಷ ತಡ. ಕಾಯ್ತಾ ಇರು. ಓವರ್.”

“ಕಾಯ್ತಾ ಇದ್ದೀನಿ” ಎಂದಳು ಅವಳು.